ಚೆನ್ನೆಮಣೆ ಗೋಡೆಯಲ್ಲಿ ಯಾಕೆ?

ಗುಳಿಗೊಂದರಂತೆ ಕಾಯಿ ಹಂಚುತ್ತ ಆಡುವ ಚೆನ್ನೆಮಣೆಯನ್ನು ಉಡುಪಿಯಿಂದ ತಂದು ನ್ಯೂಜೆರ್ಸಿಯ ಮನೆಯ ಗೋಡೆಗೆ ತೂಗುಹಾಕಿದ್ದೇವೆ. ಅದನ್ನು ನೋಡಿ ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ ಮೊನ್ನೆ ಕೇಳಿದಳು: "ಇದು ಆಡುವುದಲ್ವಾ? ಗೋಡೆಯಲ್ಲಿ ಯಾಕೆ?" ಅವಳ ಕ್ಲಾಸಿನಲ್ಲಿ ಗಣಿತದ ಪಿರಿಯಡ್‌ಗೇ ಮಂಕಾಲ, ಅಂದರೆ ಚೆನ್ನೆಮಣೆಯಂಥದ್ದೇ ಗುಳಿಯಾಟ, ಆಡಿಸುತ್ತಾರೆ. ಇಲ್ಲಿ ಅಂಗಡಿಯಲ್ಲಿ ಸಿಗುವ ಮಣೆ 1940ರಲ್ಲಿ ವಿಲಿಯಂ ಜೂಲಿಯಸ್ ಚಾಂಪಿಯನ್ ಎಂಬವರು ರೂಪಿಸಿದ ಕಲಾಹ್ ಆಟದ್ದು: ಸಾಲಿಗೆ ಆರು ಗುಳಿ, 48 ಕಾಯಿ. ನಮ್ಮದಕ್ಕೆ ಏಳೇಳರ ಎರಡು ಸಾಲು, ಗುಳಿಗೆ ನಾಲ್ಕರಂತೆ 56.

ಊರಲ್ಲಿ ನಮ್ಮ ಮಣೆ ಶೋಕೇಸಿಗೂ, ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ನಡೆಯುವ 'ಆಟಿಡೊಂಜಿ ದಿನ' ಕಾರ್ಯಕ್ರಮದ ಸ್ಪರ್ಧೆಗೂ ಸೇರಿಹೋಗಿದೆ. ಆ ಹುಡುಗಿಯ ಮಾತು ಚುಚ್ಚಿದ್ದು ಅದಕ್ಕೇ. ಆಡಿಸಿ ಕಲಿಸುವುದೇನೂ ನಮಗೆ ಹೊಸತಲ್ಲ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ನಮ್ಮ ರಾಜ್ಯದ್ದೇ. ಊರಿನ ಟೀಚರುಗಳು ಮನಸ್ಸು ಮಾಡಿದರೆ ಚೆನ್ನೆಮಣೆ ನಾಳೆಯೇ ಕ್ಲಾಸಿಗೆ ಬರಬಹುದು.

ಮರದ ಮಣೆಯೇ ಆಗಬೇಕೆಂದಿಲ್ಲ. ಜಗಲಿಯ ನೆಲದಲ್ಲಿ ಚಾಕ್‌ಪೀಸಿನಿಂದ 14 ವೃತ್ತ ಬರೆದರೆ ಸಾಕು. ಬೆಂಚಿನ ಮೇಲೆ ಬೇಡ, ಕಾಯಿ ಉರುಳಿ ಬೀಳುತ್ತದೆ. 30 ಮಕ್ಕಳಿಗೆ 15 ಜೋಡಿ, ಅಂದರೆ 840 ಕಾಯಿ. ಮಂಜೊಟ್ಟಿ ಮರದ ಕೆಂಪು ಬೀಜವೋ ಹುಣಸೆ ಬೀಜವೋ ಆಗುತ್ತದೆ. ಗುಲಗಂಜಿ ಮಾತ್ರ ಖಂಡಿತ ಬೇಡ: ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಆಟಕ್ಕೆ ಮೊದಲು, ಮುಗಿದ ಮೇಲೆ ಪ್ರತಿ ಜೋಡಿ 56 ಎಣಿಸಿ ಒಪ್ಪಿಸಬೇಕು.

ಮೊದಲ ವಾರ ಪೂರ್ತಿ ನಿಯಮ ಹೇಳಬೇಡಿ. ಕೈಯ ಕಾಯಿ ಮುಗಿದಾಗ ಮುಂದಿನ ಗುಳಿಯಿಂದ ತೆಗೆದು ಆಟ ಮುಂದುವರಿಸುವ ಕ್ರಮದಲ್ಲಿ ಒಬ್ಬನ ಸರದಿ ಮುಗಿಯುವುದೇ ಇಲ್ಲ, ಎದುರು ಕೂತವನಿಗೆ ಬೇಜಾರು. ಒಂದು ಗುಳಿಯದ್ದು ಹಂಚಿ ಮುಗಿದರೆ ಸರದಿಯೂ ಮುಗಿಯಲಿ. ಬಿಡಲೇಬಾರದ ನಿಯಮ ಒಂದಿದೆ: ಕಾಯಿ ಮುಟ್ಟುವ ಮೊದಲು, ಕೊನೆಯದು ಯಾವ ಗುಳಿಗೆ ಬೀಳುತ್ತದೆಂದು ಬಾಯಿಬಿಟ್ಟು ಹೇಳಬೇಕು. ಇದಿಲ್ಲದಿದ್ದರೆ ಕೈ ಓಡುತ್ತದೆ, ಲೆಕ್ಕ ನಡೆಯುವುದಿಲ್ಲ.

ಮೂರನೇ ಕ್ಲಾಸಿಗೆ ಬರುವಾಗ ಗುಳಿಗಳಿಗೆ 1ರಿಂದ 14 ನಂಬರ್ ಕೊಡಿ. ಮೂರನೇ ಗುಳಿಯಲ್ಲಿ ಬೇಕೆಂದೇ 17 ಕಾಯಿ ಇಟ್ಟು ಕೇಳಿ. ಹೊರಟ ಗುಳಿಗೂ ಒಂದು ಹಾಕುತ್ತ ಹೋದರೆ 14 ಕಾಯಿಗೆ ಒಂದು ಸುತ್ತು, ಉಳಿದ ಮೂರಕ್ಕೆ ಆರನೇ ಗುಳಿ. ಕೆಲವು ಮಕ್ಕಳು ಹದಿನೇಳನ್ನೂ ಒಂದೊಂದೇ ಬೆರಳಿಟ್ಟು ಎಣಿಸುತ್ತಾರೆ. ಎಣಿಸಲಿ. ಸುತ್ತನ್ನು ಬಿಟ್ಟು ಬರೀ ಮೂರು ಎಣಿಸುವ ಮಗುವಿಗೆ ಭಾಗಾಕಾರದ ಶೇಷ ಸಿಕ್ಕಿದೆ. ಎರಡನೇ ಆಟಕ್ಕೆ, ಮೊದಲ ಆಟದಲ್ಲಿ ಗೆದ್ದ ಕಾಯಿಯಿಂದಲೇ ಗುಳಿ ತುಂಬಿಸಬೇಕು: 22 ಇದ್ದವನಿಗೆ ಐದು ಗುಳಿ ತುಂಬಿ ಎರಡು ಕಾಯಿ ಮಿಕ್ಕುತ್ತದೆ, ಎರಡು ಗುಳಿ ಮುಚ್ಚುತ್ತದೆ. ಅದನ್ನು ಆಗಲೇ ಸ್ಲೇಟಿನಲ್ಲಿ ಬರೆಸಿ. ಬರೆಸದಿದ್ದರೆ ಪರೀಕ್ಷೆಯ ಲೆಕ್ಕ ಬೇರೆ, ಇದು ಬೇರೆ ಎಂದೇ ಮಕ್ಕಳು ತಿಳಿಯುತ್ತಾರೆ.

ಗೆದ್ದವರಿಗೆ ಬಹುಮಾನ ಬೇಡ, ಜೋಡಿ ಬದಲಿಸುತ್ತಿರಿ. ಚೆನ್ನೆ ಆಡುತ್ತ ಜಗಳವಾಡಿ ಪ್ರಾಣ ಕಳೆದುಕೊಂಡ ಅವಳಿ ಸೋದರಿಯರಾದ ಅಬ್ಬಗ-ದಾರಗರ ತುಳು ಕತೆ ಕೇಳಿ ಬೆಳೆದ ಮಗು "ಅಕ್ಕ-ತಂಗಿ ಚೆನ್ನೆ ಆಡಬಾರದಂತೆ, ಅಜ್ಜಿ ಹೇಳಿದ್ದಾರೆ" ಎಂದರೆ ನಗಬೇಡಿ, ಬೇರೆ ಜೋಡಿ ಮಾಡಿ. ಸಮಯ ಎಲ್ಲಿಂದ ಎಂದು ಕೇಳಬಹುದು. ಆಟಿಯ ಮಳೆಗೆ ಗ್ರೌಂಡಿಗೆ ಇಳಿಯಲಾಗದೆ ಆಟದ ಪಿರಿಯಡ್ ಎಷ್ಟು ಸಲ ರದ್ದಾಗುತ್ತದೆ? 20 ನಿಮಿಷ ಆಟ, ಹತ್ತು ನಿಮಿಷ ಮಾತು ಮತ್ತು ಸ್ಲೇಟು. ಅಷ್ಟಕ್ಕೆ ಆ ಪಿರಿಯಡ್ ಸಾಕು.