ನ್ಯೂ ಆರ್ಲಿಯನ್ಸ್‌ಗೆ ಜಾಝ್ ಕೇಳಲು ಹೋಗುವವರು ಬೋರ್ಬನ್ ಬೀದಿಯಲ್ಲಿ ಕೋಣೆ ಹಿಡಿಯಬೇಡಿ

ಅಮೆರಿಕದ ಈ ಊರಿನ ಹೆಸರಾಂತ ಬೋರ್ಬನ್ ಬೀದಿಯಲ್ಲಿ ಜಾಝ್ ಸಂಗೀತ ಹುಡುಕುವುದು ದಂಡ. ಅಲ್ಲಿರುವುದು ಧ್ವನಿವರ್ಧಕದಲ್ಲಿ ಹಳೆಯ ರಾಕ್ ಹಾಡು, ಪ್ಲಾಸ್ಟಿಕ್ ಲೋಟ ಹಿಡಿದು ತೂರಾಡುವ ಜನ. ಬೆಳಗಿನ ಜಾವದವರೆಗೂ ಅದೇ ಗಲಾಟೆ. ಅದರ ಪಕ್ಕದ ಹೋಟೆಲಿನಲ್ಲಿ ನಮಗೆ ಕೊಟ್ಟ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಗೋಡೆ. ಹೊರಡುವಾಗ ಬಿಲ್ಲಿನಲ್ಲಿ ದಿನಕ್ಕಿಷ್ಟು ಎಂದು ಸೌಲಭ್ಯ ಶುಲ್ಕ ಬೇರೆ. ಯಾವ ಸೌಲಭ್ಯ ಎಂದು ಕೇಳಿದರೆ ಈಜುಕೊಳವಂತೆ! ನಾವಿದ್ದಷ್ಟು ದಿನವೂ ಅದಕ್ಕೆ ಬೀಗ ಬಿದ್ದಿತ್ತು. ಶುಲ್ಕವೆಲ್ಲ ಸೇರಿ ಎಷ್ಟಾಗುತ್ತದೆ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

‘ಸ್ಟೋರಿವಿಲ್ ತೋರಿಸುತ್ತೇವೆ’ ಎನ್ನುವವರಿಗೂ ಹಣ ಕೊಡಬೇಡಿ. ಜಾಝ್ ಬೆಳೆದ ಜಾಗಗಳಲ್ಲಿ ಒಂದಾದ ಆ ವೇಶ್ಯಾವಾಟಿಕೆ 1917ರಲ್ಲೇ ಮುಚ್ಚಿತು, ಆಮೇಲೆ ಬಹುಪಾಲನ್ನು ಕೆಡವಿ ಸರ್ಕಾರಿ ವಸತಿ ಕಟ್ಟಿದರು. ನಮ್ಮ ಮಾರ್ಗದರ್ಶಿ ವಸತಿ ಕಟ್ಟಡಗಳತ್ತ ಬೆರಳು ತೋರಿಸಿ ಒಂದು ಗಂಟೆ ಕಳೆದ.

ಭಾನುವಾರ ಮಧ್ಯಾಹ್ನ ಕಾಂಗೋ ಸ್ಕ್ವೇರ್‌ಗೆ ಹೋಗಿ, ಅದು ಬಿಟ್ಟಿ. ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರಗಳಂದು ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ಬಯಲು ಇದು. ಇವತ್ತಿಗೂ ಅಲ್ಲಿ ಡೋಲು ಕೇಳಿಸುತ್ತದೆ. ಆ ಲಯಕ್ಕೆ ಚರ್ಚಿನ ಹಾಡು, ಕಪ್ಪು ಜನರ ಅಳಲಿನ ಹಾಡಾದ ಬ್ಲೂಸ್, ಮೆರವಣಿಗೆಯ ಹಿತ್ತಾಳೆ ವಾದ್ಯಗಳು ಕೂಡಿಕೊಂಡು ಜಾಝ್ ಆಯಿತು. ಬ್ಯಾಂಡಿನ ವಾದ್ಯ ಬೇರೆ ಸಂಗೀತಕ್ಕೆ ಒಗ್ಗುವುದು ನಮಗೇನೂ ಹೊಸದಲ್ಲ: ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರು ಆ ವಾದ್ಯಕ್ಕೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ.

ಅಲ್ಲಿನ ಬೇಸಿಗೆ (ಜೂನ್–ಆಗಸ್ಟ್) ಬಿಟ್ಟು ಉಳಿದ ತಿಂಗಳುಗಳಲ್ಲಿ ಹೋದರೆ ಭಾನುವಾರ ‘ಸೆಕೆಂಡ್ ಲೈನ್’ ಮೆರವಣಿಗೆ ಸಿಗುವ ಸಾಧ್ಯತೆ ಹೆಚ್ಚು. ಮುಂದೆ ವಾದ್ಯದವರು, ಹಿಂದೆ ತೇರಿನ ಜೊತೆ ಸಾಗಿದ ಹಾಗೆ ಇಡೀ ಬಡಾವಣೆ. ಕಾಲು ನೋಯುತ್ತದೆ, ನೂಕುನುಗ್ಗಲು ವಿಪರೀತ. ಬೋರ್ಬನ್ ಬೀದಿಯ ಗುಂಪನ್ನು ಸಹಿಸದ ನನಗೆ ಇದು ಮಾತ್ರ ಇಷ್ಟವಾಯಿತು.

ಓಲ್ಡ್ ಮಿಂಟ್ ಕಟ್ಟಡದ ಜಾಝ್ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಪರವಾಗಿಲ್ಲ, ಸೋಮವಾರ ಇಲ್ಲಿ ಕೆಂಪು ಹುರುಳಿಕಾಯಿ ಬೀಜ ಮತ್ತು ಅನ್ನದ ದಿನ. ಹಿಂದೆ ಅದು ಬಟ್ಟೆ ಒಗೆಯುವ ದಿನ. ಒಲೆಯ ಮೇಲಿಟ್ಟ ಪಾತ್ರೆ ತನ್ನಷ್ಟಕ್ಕೆ ಬೇಯುತ್ತಿತ್ತು. ಈ ಊರಿನವರೇ ಆದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಪತ್ರಗಳ ಕೊನೆಗೆ ಸಹಿಯ ಜೊತೆ ಈ ಊಟದ ಹೆಸರನ್ನೂ ಸೇರಿಸುತ್ತಿದ್ದರು. ಟ್ರೆಮೆ ಬಡಾವಣೆಯ ಒಂದು ಮೂಲೆ ಅಂಗಡಿ, ಫಲಕವೂ ಸರಿಯಾಗಿಲ್ಲ, ನಾಲ್ಕಾರು ಮೇಜು. ಅಜ್ಜಿಯೊಬ್ಬರು ದೊಡ್ಡ ಸೌಟಿನಲ್ಲಿ ಬಡಿಸಿದರು. ಬೀಜ ಅರ್ಧ ಕರಗಿ ಸಾರು ಗಟ್ಟಿಯಾಗಿತ್ತು; ಈರುಳ್ಳಿ, ಸೆಲೆರಿ, ದೊಣ್ಣೆ ಮೆಣಸಿನಕಾಯಿಯ ಘಮ, ಮೇಲೆ ಖಾರದ ಸಾಸ್. ಕೇಳದೆಯೇ ಎರಡನೆಯ ಸಲ ಅನ್ನ ಹಾಕಿದರು. ಕೊಟ್ಟ ಹಣ ಹೋಟೆಲಿನ ಕಾಫಿ–ಬ್ರೆಡ್ಡಿಗಿಂತ ಕಡಿಮೆ. ಸಸ್ಯಾಹಾರಿಗಳು ವಿಚಾರಿಸಲೇಬೇಕು: ಸಾಮಾನ್ಯವಾಗಿ ಇದರಲ್ಲಿ ಹಂದಿಮಾಂಸ ಇರುತ್ತದೆ. ಅಲ್ಲಿ ನಮ್ಮವರಿಗಾಗಿ ಬೇರೆ ಪಾತ್ರೆಯಿಂದ ಕೊಟ್ಟರು.

ಸಂಜೆಗೆ ಎರಡೇ ಜಾಗ. ಮಕ್ಕಳಿದ್ದರೆ 1961ರಲ್ಲಿ ಆರಂಭವಾದ ಪ್ರಿಸರ್ವೇಶನ್ ಹಾಲ್: ಮದ್ಯವಿಲ್ಲ, ಮುಕ್ಕಾಲು ಗಂಟೆಯ ಕಛೇರಿ, ಮೊದಲೇ ಟಿಕೆಟ್ ತೆಗೆಯಿರಿ. ಇಲ್ಲವಾದರೆ ಫ್ರೆಂಚ್‌ಮೆನ್ ಬೀದಿ. ಕೋಣೆಯನ್ನೂ ಅದರ ಸುತ್ತಲ ಮಾರಿನ್ಯಿ ಬಡಾವಣೆಯಲ್ಲೇ ಹಿಡಿದರೆ ರಾತ್ರಿ ನಡೆದೇ ಹಿಂತಿರುಗಬಹುದು. ಅಲ್ಲಿನ ಕೆಲವು ಕ್ಲಬ್ಬುಗಳಲ್ಲಿ ಪ್ರವೇಶ ಶುಲ್ಕವಿಲ್ಲ, ಒಂದು ಪಾನೀಯ ಕೊಂಡರೆ ಸಾಕು. ಆದರೆ ವಾದ್ಯದವರು ಡಬ್ಬಿ ಹಿಡಿದು ಬರುತ್ತಾರೆ; ಅವರ ಸಂಪಾದನೆಯ ದೊಡ್ಡ ಪಾಲು ಅದೇ. ಒಂದು, ಐದು ಡಾಲರಿನ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ, ಡಬ್ಬಿಗೆ ಕಾರ್ಡ್ ನಡೆಯುವುದಿಲ್ಲ.