ಮೂಗುಬೊಟ್ಟಿಗೆ ಹೊಂದಿದ ಮಾಸ್ಕ್

ಜೂನ್ ಬಂತೆಂದರೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿಗಳು ಹೊರಡುವುದಿಲ್ಲ. ಮಳೆಗಾಲ ಕಳೆದು, ಕಡಲು ಇಳಿದು, ನೀರು ತಿಳಿಯಾಗಲು ಅಕ್ಟೋಬರ್ ಬರಬೇಕು. ಹೊಸ ಸಾಮಾನು ಕೊಳ್ಳುವುದು, ಹಳೆಯದನ್ನು ಸರ್ವಿಸಿಗೆ ಕೊಡುವುದು, ಯಾವುದು ಬೇಕು ಯಾವುದು ಬೇಡ ಎಂದು ತಲೆಕೆಡಿಸಿಕೊಳ್ಳುವುದು ಎಲ್ಲ ನಮಗೆ ಈ ನಾಲ್ಕು ತಿಂಗಳಲ್ಲೇ. ಹೊರಗೆ ಬೆಂಗಳೂರಿನ ಜಿಟಿಜಿಟಿ ಮಳೆ, ಕೈಯಲ್ಲಿ ಫೋನು, ಫೋನಿನ ತುಂಬ ಕಣ್ಣು ಮೂಗು ಮುಚ್ಚುವ ಬಗೆಬಗೆಯ ಗಾಜಿನ ಮಾಸ್ಕು, ಕಾಲಿಗೆ ಹಾಕುವ ಫಿನ್ನು, ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರು.

ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ ಮೇಲೆ ಒಂದು ಸೀಸನ್ ಪೂರ್ತಿ ನಾನು ಬಾಡಿಗೆ ಸಾಮಾನಿನಲ್ಲೇ ನೀರಿಗಿಳಿದೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್, ಗಾಳಿ ತುಂಬಿ ತೇಲುವುದನ್ನು ಹದ ಮಾಡುವ ಬಿಸಿಡಿ ಜಾಕೆಟ್ ಎಲ್ಲ ಚೆನ್ನಾಗಿಯೇ ಇದ್ದವು. ಕಾಡಿದ್ದು ಮಾಸ್ಕ್. ನನ್ನದು ಸಣ್ಣ ಮುಖ, ಎಡಮೂಗಿಗೆ ಅಜ್ಜಿ ಚುಚ್ಚಿಸಿದ ಮೂಗುಬೊಟ್ಟು. ಕೆಳಗೆ ಹೋದಂತೆ ನೀರಿನ ಒತ್ತಡಕ್ಕೆ ಮಾಸ್ಕ್ ಮುಖಕ್ಕೆ ಅಮುಕಿಕೊಳ್ಳುತ್ತದೆ, ಮೂಗಿನಿಂದ ಚೂರು ಗಾಳಿ ಬಿಟ್ಟು ಅದನ್ನು ಸಡಿಲಿಸಬೇಕು. ಈಜುವವರ ಗಾಗಲ್ಸ್ ಹಾಕಿಕೊಂಡು ಡೈವ್ ಮಾಡಬಾರದು ಎನ್ನುವುದು ಇದೇ ಕಾರಣಕ್ಕೆ: ಮೂಗು ಅದರ ಹೊರಗೆ ಉಳಿಯುತ್ತದೆ. ಇನ್ನು ಕಿವಿ ಕಟ್ಟಿದಾಗ ಮಾಸ್ಕಿನ ಮೇಲಿನಿಂದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಬಾಡಿಗೆ ಮಾಸ್ಕಿನ ಮೂಗಿನ ಜಾಗ ಗಟ್ಟಿ. ಹಿಡಿದಾಗಲೆಲ್ಲ ಬೊಟ್ಟಿನ ತಿರುಪು ಒಳಗೆ ಚುಚ್ಚುತ್ತಿತ್ತು, ಕೆನ್ನೆಯ ಗೆರೆಯ ಹತ್ತಿರ ನೀರು ಒಸರುತ್ತಿತ್ತು. ಪಕ್ಕದ ಬಂಡೆಯ ಮೇಲೆ ಗಿಳಿಮೀನುಗಳು ಕಟಕಟ ಸದ್ದು ಮಾಡುತ್ತ ಹವಳ ಕೆರೆಯುತ್ತಿದ್ದರೆ ನಾನು ಮಾಸ್ಕಿನ ನೀರು ಹೊರಹಾಕುವುದರಲ್ಲೇ ಇರುತ್ತಿದ್ದೆ. ಅಷ್ಟು ದೂರ ಹೋಗಿ, ದೋಣಿಯಲ್ಲಿ ಕಡಲಿನ ನಡುವೆ 19 ಕಿಲೋಮೀಟರ್ ಕುಲುಕಾಡಿ, ಕಡೆಗೆ ಮೀನು ನೋಡಲಾಗದಿದ್ದರೆ ಹೇಗಾಗಬೇಡ?

ಹಾಗಾಗಿ ಜುಲೈನ ಒಂದು ಶನಿವಾರ ಬೆಂಗಳೂರಿನಲ್ಲೇ ಇರುವ ಒಂದು ಡೈವ್ ಅಂಗಡಿಗೆ ಹೋದೆ. ಅಂಗಡಿ ಎಂದರೆ ದೊಡ್ಡ ಶೋರೂಮ್ ಅಲ್ಲ. ವಸತಿ ಬಡಾವಣೆಯ ಒಂದು ಮನೆಯ ಕೆಳಮಹಡಿ. ಗೋಡೆಗೆ ತೂಗುಹಾಕಿದ ಫಿನ್ನುಗಳು, ಒಂದು ಗಾಜಿನ ಬೀರು, ಮೂಲೆಯಲ್ಲಿ ಸರ್ವಿಸ್ ಮೇಜು. ಮಾಲೀಕ ಹಿಂದೆ ಅಂಡಮಾನಿನಲ್ಲಿ ಡೈವಿಂಗ್ ಕಲಿಸುತ್ತಿದ್ದವರು. ಆನ್‌ಲೈನ್ ಬೆಲೆಗಳನ್ನೆಲ್ಲ ಬರೆದಿಟ್ಟುಕೊಂಡೇ ಹೋಗಿದ್ದೆ.

ಅವರು ಮೊದಲು ಕೇಳಿದ್ದು ಬಜೆಟ್ ಅಲ್ಲ. ‘ಎಲ್ಲಿ ಡೈವ್ ಮಾಡ್ತೀರಿ? ಕೋರ್ಸ್ ಆಗಿದೆಯಾ? ಕನ್ನಡಕ ಇದೆಯಾ? ಕಿವಿ ಬೇಗ ಬಿಡುತ್ತಾ?’ ಆಮೇಲೆ ನನ್ನ ಮುಖವನ್ನೇ ನೋಡಿ, ‘ಮೂಗುಬೊಟ್ಟು ಸ್ಕ್ರೂ ಇರೋದಾ?’ ಎಂದರು. ಇಷ್ಟು ದಿನ ಫೋನಿನಲ್ಲಿ ಮಾಸ್ಕ್ ನೋಡಿದ್ದೆನಲ್ಲ, ಈ ಪ್ರಶ್ನೆಯನ್ನು ಯಾವ ಆ್ಯಪ್ ಕೇಳಬೇಕು?

ಬೀರುವಿನಿಂದ ಒಂದೊಂದೇ ಮಾಸ್ಕ್ ಹೊರಬಂತು. ಪಟ್ಟಿ ಹಾಕಿಕೊಳ್ಳಬಾರದು. ಮುಖ ಸ್ವಲ್ಪ ಮೇಲೆತ್ತಿ ಮಾಸ್ಕನ್ನು ಸುಮ್ಮನೆ ಇಟ್ಟುಕೊಂಡು ಸುತ್ತಲೂ ತಾಗುತ್ತಿದೆಯೇ ನೋಡಬೇಕು. ಕೂದಲು ಒಂದೆಳೆಯೂ ಸಿಲಿಕಾನ್ ಅಂಚಿನೊಳಗೆ ಸಿಕ್ಕಿರಬಾರದು. ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಟ್ಟರೆ ಮಾಸ್ಕ್ ಬೀಳದೆ ನಿಲ್ಲಬೇಕು. ಇಷ್ಟನ್ನು ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಈ ಪರೀಕ್ಷೆಯಲ್ಲಿ ನಾಲ್ಕು ಮಾಸ್ಕ್ ಪಾಸಾದವು, ಫೋನಿನಲ್ಲಿ ನಾನು ಗುರುತು ಹಾಕಿಟ್ಟಿದ್ದೂ ಅದರಲ್ಲಿತ್ತು. ಆಗ ಅವರು ತೊಳೆದಿಟ್ಟಿದ್ದ ಒಂದು ಮೌತ್‌ಪೀಸ್ ಕೊಟ್ಟು, ‘ಇದನ್ನು ಕಚ್ಚಿ ಇನ್ನೊಂದ್ಸಲ ಮಾಡಿ. ನೀರೊಳಗೆ ನಿಮ್ಮ ಬಾಯಿ ಹೀಗೇ ಇರೋದು’ ಎಂದರು. ಮೌತ್‌ಪೀಸ್ ಕಚ್ಚಿದ ಕೂಡಲೇ ತುಟಿ ಮುಂದೆ ಬಂದು, ಕೆನ್ನೆ ಒಳಗೆ ಹೋಗಿ, ಮೂಗಿನ ಪಕ್ಕದ ಗೆರೆ ಆಳವಾಯಿತು. ನಾಲ್ಕರಲ್ಲಿ ಮೂರು ಉದುರಿಬಿದ್ದವು. ನಾನು ಗುರುತು ಹಾಕಿದ್ದೂ ಬಿತ್ತು. ಉಳಿದ ಒಂದರ ಮೂಗಿನ ಭಾಗ ತೆಳು, ಮೆದು. ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಊದಿದೆ, ಕಿವಿಯಲ್ಲಿ ಪಟ್ ಎಂದಿತು, ಬೊಟ್ಟು ಚುಚ್ಚಲಿಲ್ಲ. ಒಂದು ಸೀಸನ್ ಪೂರ್ತಿ ಕಾಡಿದ್ದ ತೊಂದರೆ ಆ ಮರದ ಸ್ಟೂಲಿನ ಮೇಲೆ ಕೂತಲ್ಲೇ ಬಗೆಹರಿದಾಗ ಎಷ್ಟು ಖುಷಿಯಾಯಿತೆಂದರೆ, ಬೆಲೆ ಕೇಳುವುದೇ ಮರೆತಿತ್ತು.

ಅದೇ ಮಾಸ್ಕ್ ಆನ್‌ಲೈನಿನಲ್ಲಿ ಒಂದೂವರೆ ಸಾವಿರ ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಅಲ್ಲೇ ಫೋನ್ ತೆಗೆದು ಆರ್ಡರ್ ಮಾಡಬಹುದಿತ್ತು, ಹಾಗೆ ಮಾಡುವವರನ್ನು ಬಲ್ಲೆ. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಒಬ್ಬ ಮನುಷ್ಯನ ಒಂದು ಗಂಟೆ, ಅವನ ಇಷ್ಟು ವರ್ಷಗಳ ಅನುಭವ ಎರಡನ್ನೂ ಪುಕ್ಕಟೆ ಬಳಸಿ ದುಡ್ಡನ್ನು ಬೇರೆ ಕಡೆ ಕೊಡುವುದು ನ್ಯಾಯವಲ್ಲ. ಎಲ್ಲರೂ ಹಾಗೆ ಮಾಡಿದರೆ ಆ ಸ್ಟೂಲೂ ಇರುವುದಿಲ್ಲ, ಮೌತ್‌ಪೀಸ್ ಕೊಡುವ ಕೈಯೂ ಇರುವುದಿಲ್ಲ. ಮಾಸ್ಕ್ ಅಲ್ಲೇ ಕೊಂಡೆ. ಜಡೆಗೆ ಸಿಲಿಕಾನ್ ಪಟ್ಟಿ ಸಿಕ್ಕಿಕೊಂಡು ಕೂದಲು ಕೀಳುತ್ತದೆ ಎಂದಾಗ ನಿಯೋಪ್ರೀನ್ ಬಟ್ಟೆಯ ಪಟ್ಟಿ ಹಾಕಿಕೊಟ್ಟರು. ಹೊಸ ಗಾಜಿನ ಮೇಲೆ ತಯಾರಿಕೆಯ ಸಮಯದ ಒಂದು ಪದರ ಉಳಿದಿರುತ್ತದೆ, ಅದು ಹೋಗದಿದ್ದರೆ ಮಂಜು ಕಟ್ಟುತ್ತಲೇ ಇರುತ್ತದೆ, ಬಿಳಿ ಟೂತ್‌ಪೇಸ್ಟ್ ಹಾಕಿ ಒಳಗಡೆ ಬೆರಳಿನಲ್ಲಿ ಚೆನ್ನಾಗಿ ಉಜ್ಜಿ ಎಂದೂ ಹೇಳಿಕೊಟ್ಟರು.

ಫಿನ್ ಕೂಡ ಅಲ್ಲೇ ತೆಗೆದುಕೊಂಡೆ. ಹಿಮ್ಮಡಿಗೆ ಪಟ್ಟಿ ಇರುವ ಫಿನ್ನನ್ನು ಬೂಟು ಹಾಕಿಕೊಂಡೇ ನೋಡಬೇಕು, ಬರಿಗಾಲಿನ ಅಳತೆ ಅದಕ್ಕೆ ಆಗುವುದಿಲ್ಲ.

ನೀರೊಳಗೆ ಮೈ ಬೆಚ್ಚಗಿಡುವ ವೆಟ್‌ಸೂಟಿನದು ಬೇರೆಯೇ ಕಥೆ. ಅಂಗಡಿಯಲ್ಲಿದ್ದವೆಲ್ಲ ಗಂಡಸರ ಅಳತೆಯವು, ಮೀಡಿಯಂ, ಲಾರ್ಜ್, ಎಕ್ಸ್‌ಟ್ರಾ ಲಾರ್ಜ್. ಹೆಂಗಸರದ್ದು ತರಿಸಿಕೊಡಲು ಒಂದು ತಿಂಗಳು ಬೇಕು, ಬಂದ ಮೇಲೆ ಹೊಂದದಿದ್ದರೆ ವಾಪಸ್ಸಿಲ್ಲ ಎಂದರು. ಬರುವ ಹೆಂಗಸರು ಕಡಿಮೆ, ತರಿಸಿಟ್ಟರೆ ಉಳಿದುಬಿಡುತ್ತೆ ಎನ್ನುವುದು ಅವರ ಕಷ್ಟ. ಆದರೆ ನೇತ್ರಾಣಿಯ ದೋಣಿಯಲ್ಲಿ ಈಗ ಎಷ್ಟು ಜನ ಹುಡುಗಿಯರು ಇರುತ್ತಾರೆ ಎಂದು ನಾನೇ ಕಂಡಿದ್ದೇನೆ. ಗೋಡೆಯ ಮೇಲೆ ನಮ್ಮ ಅಳತೆಯದು ಒಂದಾದರೂ ಇರಬೇಕಿತ್ತು. ವೆಟ್‌ಸೂಟ್ ಸಡಿಲವಾದರೆ ಒಳಗೆ ನೀರು ಓಡಾಡಿ ಮೈ ಬಿಸಿಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ಬಿಗಿಯಾದರೆ ಉಸಿರಾಡಲಾಗುವುದಿಲ್ಲ. ಇದನ್ನು ನಾನು ಆನ್‌ಲೈನಿನಲ್ಲೇ ಕೊಂಡೆ. ಎದೆ, ಸೊಂಟ, ಎತ್ತರ ಎಲ್ಲದರ ಸೆಂಟಿಮೀಟರ್ ಪಟ್ಟಿ ಇತ್ತು. ಅಮ್ಮ ಹೊಲಿಗೆ ಟೇಪ್ ಹಿಡಿದು ಅಳೆದುಕೊಟ್ಟರು. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ 3 ಮಿಲಿಮೀಟರ್ ದಪ್ಪ ಸಾಕು. ವಾರದೊಳಗೆ ಮನೆಗೆ ಬಂತು, ಹೊಲಿಸಿಕೊಂಡ ಹಾಗೆ ಕೂತಿದೆ. ಕಂಪ್ಯೂಟರನ್ನೂ ಆನ್‌ಲೈನಿನಲ್ಲಿ ತರಿಸಿದ್ದೇನೆ. ಸುಂಟೊ, ಮೇರಸ್, ಕ್ರೆಸ್ಸಿ ಯಾವುದಾದರೂ ಸರಿ, ಮೊಹರು ಮಾಡಿದ ಡಬ್ಬಿಯಲ್ಲಿ ಎಲ್ಲಿಂದ ಬಂದರೂ ಅದೇ ಯಂತ್ರ. ಭಾರತದ ವಾರಂಟಿ ಇದೆಯೇ, ಬ್ಯಾಟರಿ ನಾವೇ ಬದಲಿಸಬಹುದೇ, ಇವೆರಡನ್ನು ನೋಡಿಕೊಂಡರೆ ಆಯಿತು.

ರೆಗ್ಯುಲೇಟರ್ ವಿಷಯಕ್ಕೆ ಬಂದರೆ ಮಾತ್ರ ನಾನು ಹಟವಾದಿ. ತುಂಬಿದ ಸಿಲಿಂಡರಿನಲ್ಲಿ 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಗಿಂತ ಹೆಚ್ಚುಕಡಿಮೆ ಇನ್ನೂರು ಪಟ್ಟು ಒತ್ತಡದ ಗಾಳಿ ಇರುತ್ತದೆ. ಸಿಲಿಂಡರಿಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ, ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ನಾವು ಎಳೆದಾಗಷ್ಟೇ ಹದವಾಗಿ ಗಾಳಿ ಕೊಡುತ್ತದೆ. ಅಂದು ಮಾಲೀಕರು ಯಾರದೋ ರೆಗ್ಯುಲೇಟರ್ ಸರ್ವಿಸ್ ಮುಗಿಸಿ ಪರೀಕ್ಷೆಗಿಟ್ಟಿದ್ದರು. ಸಣ್ಣ ಗೇಜ್ ಸಿಕ್ಕಿಸಿ ಸಿಲಿಂಡರ್ ತೆರೆದರು. ಮುಳ್ಳು ಒಂಬತ್ತೂವರೆಗೆ ಬಂದು ನಿಂತಿತು. ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಿದಾಗ ಬಿತ್ತು, ಬಿಟ್ಟ ಕೂಡಲೇ ಮತ್ತೆ ಅಲ್ಲಿಗೇ ಬಂತು. ಹತ್ತಾರು ಸಲ ಒತ್ತಿದರು. ನಿಂತ ಮೇಲೂ ಮುಳ್ಳು ಮೆಲ್ಲಮೆಲ್ಲಗೆ ಮೇಲೇರುತ್ತಿದ್ದರೆ ಒಳಗೆ ಗಾಳಿ ತಡೆಯುವ ಸೀಟ್ ಎಂಬ ಭಾಗ ಸವೆದಿದೆ ಎಂದರ್ಥ, ಹಾಗೇ ಬಿಟ್ಟರೆ ಯಾವತ್ತೋ ಒಂದು ದಿನ ಗಾಳಿ ತಡೆಯಿಲ್ಲದೆ ಸುರಿಯತೊಡಗುತ್ತದೆ. ಹಳೆಯ ಫಿಲ್ಟರನ್ನೂ ತೋರಿಸಿದರು. ಲೋಹದ ಪುಟ್ಟ ಬಿಲ್ಲೆ, ಒಂದು ಬದಿ ಹಸಿರುಗಟ್ಟಿತ್ತು. ತೊಳೆಯುವಾಗ ಮುಚ್ಚಳ ಹಾಕದೆ ಉಪ್ಪುನೀರು ಒಳಗೆ ಹೋಗಿದ್ದರ ಗುರುತು.

ಇಂಥ ಸರ್ವಿಸ್ ಅನ್ನು ವರ್ಷಕ್ಕೊಮ್ಮೆ ಮಾಡಿಸಿ ಎಂದು ಎಷ್ಟೋ ಕಂಪನಿಗಳು ಹೇಳುತ್ತವೆ, ಕೆಲವು ಎರಡು ವರ್ಷಕ್ಕೊಮ್ಮೆ. ಬಿಡಿಭಾಗಗಳ ಕಿಟ್ಟನ್ನು ಸಾಮಾನ್ಯವಾಗಿ ತರಬೇತಿ ಪಡೆದ ಟೆಕ್ನೀಷಿಯನ್‌ಗಳಿಗೇ ಕೊಡುತ್ತಾರೆ. ಅಂದರೆ ರೆಗ್ಯುಲೇಟರ್ ಕೊಳ್ಳುವಾಗ, ಅದನ್ನು ಮುಂದೆ ಬಿಚ್ಚಿ ಜೋಡಿಸುವವರು ನಮ್ಮ ಹತ್ತಿರ ಯಾರಿದ್ದಾರೆ ಎಂದು ಮೊದಲು ನೋಡಬೇಕು. ನನ್ನ ಗೆಳೆಯನೊಬ್ಬ ವಿದೇಶದ ಒಂದು ವೆಬ್‌ಸೈಟಿನಿಂದ ಒಳ್ಳೆಯ ರೆಗ್ಯುಲೇಟರ್ ತರಿಸಿದ. ಇಲ್ಲಿನ ಬೆಲೆಗಿಂತ ಬಹಳ ಅಗ್ಗ, ಆದರೆ ಕಸ್ಟಮ್ಸ್ ಸುಂಕ ಕಟ್ಟುವಷ್ಟರಲ್ಲಿ ಆ ಅಂತರ ಅರ್ಧಕ್ಕೆ ಇಳಿದಿತ್ತು. ಅದನ್ನೆತ್ತಿಕೊಂಡು ಮುರ್ಡೇಶ್ವರಕ್ಕೆ ಬಂದ. ದೋಣಿ ನೇತ್ರಾಣಿ ಮುಟ್ಟಿ ಲಂಗರು ಹಾಕಿದ ಮೇಲೆ ಜೋಡಿಸಲು ಹೋದರೆ ಕೂರುತ್ತಲೇ ಇಲ್ಲ. ಅವನದ್ದು ಡಿನ್ ಬಗೆಯದು, ತಿರುಗಿಸಿ ಕೂರಿಸುವಂಥದ್ದು. ದೋಣಿಯಲ್ಲಿದ್ದ ಸಿಲಿಂಡರುಗಳೆಲ್ಲ ಯೋಕ್ ಬಗೆಯವು, ಹೊರಗಿನಿಂದ ಬಿಗಿಯುವಂಥವು. ಕೆಲವು ವಾಲ್ವುಗಳಲ್ಲಿ ಒಳಗಿನ ಬಿಲ್ಲೆಯನ್ನು ಅಲೆನ್ ಕೀಯಿಂದ ಬಿಚ್ಚಿದರೆ ಎರಡೂ ಬಗೆ ನಡೆಯುತ್ತದೆ, ಆ ಹಳೆಯ ವಾಲ್ವುಗಳಲ್ಲಿ ಅದೂ ಇರಲಿಲ್ಲ. ಅಡಾಪ್ಟರ್ ಇದ್ದಿದ್ದರೆ ಮುಗಿಯುತ್ತಿತ್ತು. ತನ್ನದನ್ನು ಚೀಲದಲ್ಲಿಟ್ಟು ಬಾಡಿಗೆಯದ್ದರಲ್ಲೇ ಇಳಿದ. ವರ್ಷ ಕಳೆದು ಸರ್ವಿಸಿಗೆ ಬಂದಾಗ ಆ ಬ್ರ್ಯಾಂಡಿನ ಕಿಟ್ ಇಟ್ಟುಕೊಂಡ ಟೆಕ್ನೀಷಿಯನ್ ಬೆಂಗಳೂರಿನಲ್ಲಿ ಅವನಿಗೆ ಸಿಗಲಿಲ್ಲ. ಸಾಮಾನು ಈಗಲೂ ಅತ್ತಿತ್ತ ಕೊರಿಯರಿನಲ್ಲೇ ಓಡಾಡುತ್ತಿದೆ. ನಾನು ನಮ್ಮ ಅಂಗಡಿಯಲ್ಲೇ ಯೋಕ್ ರೆಗ್ಯುಲೇಟರ್ ಹೇಳಿದ್ದೇನೆ, ತರಿಸಲು ಮೂರು ವಾರವಾಗುತ್ತದಂತೆ. ಪ್ರತಿ ಜೂನಿನಲ್ಲಿ ಅದೇ ಮೇಜಿನ ಮೇಲೆ ಬಿಚ್ಚಿ ನೋಡುವ ಕೈ ಅದೇ ಇರುತ್ತದೆ ಎನ್ನುವುದಕ್ಕೆ ನಾನು ಆ ಹೆಚ್ಚಿನ ದುಡ್ಡು ಕೊಡುತ್ತಿರುವುದು.

ಆನ್‌ಲೈನ್ ಮಾರಾಟದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ಅರ್ಧ ಲೀಟರಿನ ಪುಟ್ಟ ಸಿಲಿಂಡರುಗಳು. ಕೈಪಂಪಿನಿಂದ ಗಾಳಿ ತುಂಬಿ, ಬಾಯಿಗಿಟ್ಟುಕೊಂಡು ನೀರಿಗಿಳಿಯಿರಿ ಎಂಬ ಜಾಹೀರಾತು. ಕಳೆದ ವಾರ ಆಫೀಸಿನ ಹುಡುಗನೊಬ್ಬ ಅದನ್ನು ಆರ್ಡರ್ ಮಾಡಿ ನನಗೆ ತೋರಿಸಲು ಬಂದ. ಕೋರ್ಸ್ ಆಗಿಲ್ಲ, ಗೋಕರ್ಣದಲ್ಲಿ ಬಳಸುತ್ತೇನೆ ಎಂದ. ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಅರ್ಧ ಲೀಟರ್, 200 ಬಾರ್, ಅಂದರೆ 100 ಲೀಟರ್ ಗಾಳಿ. ಸಮಾಧಾನದಲ್ಲಿರುವ ಡೈವರ್ ಮೇಲ್ಮೈಯಲ್ಲಿ ನಿಮಿಷಕ್ಕೆ 15ರಿಂದ 20 ಲೀಟರ್ ಉಸಿರಾಡುತ್ತಾನೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಗಾಳಿಯ ಖರ್ಚೂ ಎರಡು ಪಟ್ಟು. ಎರಡೂವರೆ, ಮೂರು ನಿಮಿಷಕ್ಕೆ ಖಾಲಿ, ಗಾಬರಿಯಾದರೆ ಇನ್ನೂ ಬೇಗ. ಖಾಲಿಯಾದ ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಅದಕ್ಕೆ ಹತ್ತು ಮೀಟರೂ ಬೇಡ, ಈಜುಕೊಳದ ಆಳವೇ ಸಾಕು. ಉಸಿರು ಹಿಡಿಯಬೇಡ ಎನ್ನುವುದು ಕೋರ್ಸಿನ ಮೊದಲ ಪಾಠ. ಅದು ಗೊತ್ತಿಲ್ಲದವನ ಕೈಗೆ ಇಂಥದ್ದನ್ನು ಒಂದು ಪ್ರಶ್ನೆಯೂ ಕೇಳದೆ, ಬರೀ ಪಿನ್‌ಕೋಡ್ ಕೇಳಿ ಕಳಿಸುವುದು ಅನ್ಯಾಯ. ನಮ್ಮ ಅಂಗಡಿಯಲ್ಲಾದರೆ ಕೋರ್ಸ್ ಆಗಿದೆಯಾ ಎಂಬಲ್ಲಿಗೇ ವ್ಯಾಪಾರ ನಿಲ್ಲುತ್ತಿತ್ತು.

ಹುಡುಗ ಕಾಗದವನ್ನು ಎರಡು ಸಲ ಓದಿದ, ಏನೇನೋ ಕೇಳಿದ, ಆಮೇಲೆ ಅಲ್ಲೇ ನಿಂತು ಆರ್ಡರ್ ರದ್ದು ಮಾಡಿದ. ಈಗ ಕೋರ್ಸಿಗೆ ಹೆಸರು ಕೊಟ್ಟಿದ್ದಾನೆ. ಸೆಪ್ಟೆಂಬರಿನಲ್ಲಿ ಇಲ್ಲೇ ಈಜುಕೊಳದ ಪಾಠ, ಅಕ್ಟೋಬರ್ ಕೊನೆಗೆ ಮುರ್ಡೇಶ್ವರ. ಅವನಿಗೆ ದಪ್ಪ ಮೀಸೆ ಇದೆ, ಮಾಸ್ಕಿನ ಅಂಚು ಮೂಗಿನ ಕೆಳಗೆ ಕೂರುವುದು ಕಷ್ಟ. ಮುಂದಿನ ಶನಿವಾರ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ.