ಕೀಚಕನ ಕುತ್ತಿಗೆಗೆ ಸೈಕಲ್ ಪಂಪು

ಕೊನೆಗೂ ಗದ್ದಕ್ಕೆ ಕೊಟ್ಟ ಏಟಿಗೆ ನನ್ನ ಅಭ್ಯಾಸದ ಗೊಂಬೆಯ ತಲೆ ಹಿಂದಕ್ಕೆ ಹೋಯಿತು. ಒಂದು ಕ್ಷಣ ಅಲ್ಲೇ ತಡೆದು ನಿಧಾನವಾಗಿ ವಾಪಸ್ ಬಂತು. ನನ್ನ ಮೂಗಿಗೆ ಬಡಿಯಲಿಲ್ಲ. ಮನೆಯಲ್ಲೇ ಗೊಂಬೆ ಕಟ್ಟಿಕೊಂಡು ಬರಿಗೈ ಹೋರಾಟ ಅಭ್ಯಾಸ ಮಾಡುವವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಗೊತ್ತು. ಉಳಿದವರು ಸುಮ್ನೆ ನನ್ನ ಖುಷಿಗೆ ಖುಷಿಪಡಿ.

ಕಂಬ ನೆಟ್ಟಿದ್ದು, ಮುಂಡಕ್ಕೆ ಟೈರ್ ಸುತ್ತಿದ್ದು, ಮೇಲೆ ರೆಕ್ಸಿನ್ ಹೊಲಿಸಿದ್ದು ಎಲ್ಲ ಹಳೇ ಕಥೆ. ಅದನ್ನು ನೀವೆಲ್ಲ ಮಾಡಿದ್ದೀರಿ, ನಾನೂ ಹಾಗೇ ಮಾಡಿದೆ. ಗೊಂಬೆಗೆ ಕೀಚಕ ಅಂತ ಹೆಸರಿಟ್ಟಿದ್ದು ಅಮ್ಮ. "ಬರೀ ಕೈಲಿ ಹೊಡೆಸಿಕೊಳ್ಳೋನು ಅವನೇ ತಾನೇ" ಅಂದರು. ತಂಗಿ ಮಾರ್ಕರ್ ತಗೊಂಡು ಮೀಸೆ ಬರೆದಳು.

ಈ ಸಲ ಬರೆಯುವುದು ಬರೀ ಕುತ್ತಿಗೆಯ ಬಗ್ಗೆ.

ಎರಡನೇ ಮಹಾಯುದ್ಧದ ಕಾಲದ ಬರಿಗೈ ಹೋರಾಟದಲ್ಲಿ ತೆರೆದ ಕೈಯ ಏಟುಗಳೇ ಮುಖ್ಯ. ಅದರಲ್ಲೂ ಎರಡು: ಕಿರುಬೆರಳ ಕಡೆಯ ಅಂಗೈ ಅಂಚಿನ ಏಟು, ಮತ್ತು ಅಂಗೈ ಬುಡದಿಂದ ಗದ್ದಕ್ಕೆ ಕೆಳಗಿನಿಂದ ಕೊಡುವ ಚಿನ್ ಜ್ಯಾಬ್. ಈ ಪದ್ಧತಿ ರೂಪಿಸಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಫೇರ್‌ಬೇರ್ನ್ ಇದನ್ನು ಕುಳಿತು ಯೋಚಿಸಿ ಕಟ್ಟಿದವನಲ್ಲ. 1907ರಲ್ಲಿ ಶಾಂಘೈ ಮುನಿಸಿಪಲ್ ಪೊಲೀಸ್ ಸೇರಿ, ಆ ಊರಿನ ಬೀದಿ ಜಗಳಗಳ ನಡುವೆ ದಶಕಗಟ್ಟಲೆ ಕಳೆದವನು. ಜಪಾನಿನ ಜೂಡೋ ಕೇಂದ್ರ ಕೊಡೋಕಾನ್‌ನಿಂದ ಬ್ಲ್ಯಾಕ್ ಬೆಲ್ಟ್ ಪಡೆದಿದ್ದ. 1940ರಲ್ಲಿ ಅವನೂ ಶಾಂಘೈ ಜೊತೆಗಾರ ಎರಿಕ್ ಸೈಕ್ಸ್‌ನೂ ಬ್ರಿಟನ್ನಿಗೆ ಬಂದು, ಸ್ಕಾಟ್ಲೆಂಡಿನ ಲೋಹೈಲಾರ್ಟ್‌ನಲ್ಲಿ ಕಮಾಂಡೋಗಳಿಗೆ ಪಾಠ ಶುರು ಮಾಡಿದರು. ಆಗ ಫೇರ್‌ಬೇರ್ನ್‌ಗೆ 55ರ ಆಸುಪಾಸು. ಅಷ್ಟು ವಯಸ್ಸಿನ ಕನ್ನಡಕದ ಮನುಷ್ಯ ಇಪ್ಪತ್ತರ ಹುಡುಗರನ್ನು ನೆಲಕ್ಕೆ ಕೆಡವುತ್ತಿದ್ದ ಅಂದರೆ ನನಗಂತೂ ಭರವಸೆ ಬರುತ್ತದೆ.

ಮುಷ್ಟಿ ಬಿಟ್ಟು ತೆರೆದ ಕೈ ಯಾಕೆ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ತಲೆಬುರುಡೆ ಗಟ್ಟಿ, ಕಿರುಬೆರಳ ಬುಡದ ಮೂಳೆ ಮೆತ್ತಗೆ. ಗ್ಲೌಸ್ ಇಲ್ಲದೆ ಗುದ್ದಿದರೆ ಮುರಿಯುವುದು ಅದೇ. ಡಾಕ್ಟರುಗಳು ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ. ಕೈ ಮುರಿದ ಸೈನಿಕ ಬಂದೂಕು ಹೇಗೆ ಹಿಡಿಯುತ್ತಾನೆ? ಜೊತೆಗೆ ಸಮಯವೂ ಇರಲಿಲ್ಲ. ವರ್ಷಗಟ್ಟಲೆ ಗುದ್ದು ಕಲಿಸುವ ಪುರುಸೊತ್ತು ಯುದ್ಧಕ್ಕಿಲ್ಲ. ಭಯದಲ್ಲಿ ಕೈ ನಡುಗುವಾಗಲೂ ಬರುವಂಥ ಒರಟು, ಸರಳ ಚಲನೆ ಬೇಕಿತ್ತು.

ಅಂಚಿನ ಏಟಿಗೆ ಯಾವ ಪಂಚಿಂಗ್ ಬ್ಯಾಗ್ ಆದರೂ ನಡೆಯುತ್ತದೆ. ಬೆರಳು ನೇರ, ಒಂದಕ್ಕೊಂದು ಅಂಟಿ, ಹೆಬ್ಬೆರಳು ಮೇಲಕ್ಕೆ, ಮೊಣಕೈ ಮಡಿಸಿ, ಮೈಗೆ ಅಡ್ಡವಾಗಿ ಹೊಡೆದರಾಯಿತು. ತಗಲಬೇಕಾದ್ದು ಕಿರುಬೆರಳ ಗೆಣ್ಣಿಗೂ ಮಣಿಕಟ್ಟಿಗೂ ನಡುವಿನ ಮಾಂಸದ ಜಾಗ. ತೋಳು ನೇರ ಮಾಡಿ ಬೀಸಬೇಡಿ ಅಂತ ಫೇರ್‌ಬೇರ್ನ್ ತನ್ನ 1942ರ ಕೈಪಿಡಿಯಲ್ಲೇ ಎಚ್ಚರಿಸಿದ್ದಾನೆ. ಅಷ್ಟು ಸಾಕು, ಮುಂದೆ ಹೋಗೋಣ.

ಚಿನ್ ಜ್ಯಾಬ್‌ಗೆ ಬ್ಯಾಗ್ ಶುದ್ಧ ವೇಸ್ಟ್. ಬ್ಯಾಗಿಗೆ ಗದ್ದ ಎಲ್ಲಿದೆ? ಕೆಳಗಿನಿಂದ ಮೇಲಕ್ಕೆ ಕೊಟ್ಟರೆ ಕೈ ಜಾರುತ್ತದೆ, ಅಂಗೈ ಚರ್ಮ ಸುಲಿಯುತ್ತದೆ. ಅದರ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ಬ್ಯಾಗಿನ ಕಥೆ ಬೇರೆ. "ಪ್ರೊಫೆಷನಲ್ ಗ್ರೇಡ್" ಅಂತ ಬರೆದಿದ್ದರು. ಜಿಪ್ ತೆಗೆದರೆ ಒಳಗೆ ಟೈಲರ್ ಅಂಗಡಿಯ ಚೂರುಗಳು. ಒಂದು ಬ್ಲೌಸಿನ ತೋಳು ಪೂರ್ತಿ ಸಿಕ್ಕಿತು, ಹುಕ್ಕಿನ ಸಮೇತ. ತಿಂಗಳು ತುಂಬುವುದರೊಳಗೆ ಬಟ್ಟೆಯೆಲ್ಲ ತಳಕ್ಕಿಳಿದು ಮೇಲೆ ಖಾಲಿ, ಕೆಳಗೆ ಕಲ್ಲು. ವಾಪಸ್ ತಗೊಳ್ಳಿ ಅಂದರೆ "ಬಳಸಿದ ವಸ್ತು ಸಾರ್" ಅಂದರು. ಪಂಚಿಂಗ್ ಬ್ಯಾಗನ್ನು ಬಳಸದೆ ಪೂಜೆ ಮಾಡಬೇಕಿತ್ತೇನೋ.

ಮನುಷ್ಯರ ಮೇಲೆ ಈ ಏಟನ್ನು ಪೂರ್ತಿ ಬಲದಲ್ಲಿ ಅಭ್ಯಾಸ ಮಾಡುವ ಮಾತೇ ಇಲ್ಲ. ಕುತ್ತಿಗೆಯ ವಿಷಯ ಅದು. ಜೊತೆಗಾರನ ಜೊತೆ ನಿಧಾನ, ಅಂಗೈ ಗದ್ದಕ್ಕೆ ಮುಟ್ಟುವಷ್ಟು, ಅಷ್ಟೇ. ಬಲ ಹಾಕಬೇಕಾದರೆ ಗೊಂಬೆಯೇ ಗತಿ. ಆ ಗೊಂಬೆಗೆ ತಲೆ ಇರಬೇಕು, ಅದು ಹಿಂದಕ್ಕೆ ವಾಲಬೇಕು. ಸೈನ್ಯದಲ್ಲಿ ಬಯೊನೆಟ್ ಅಭ್ಯಾಸಕ್ಕೆ ಹುಲ್ಲು ತುಂಬಿದ ಚೀಲ ನೇತುಹಾಕುತ್ತಿದ್ದರು. ಚುಚ್ಚಲು ಅದು ಸಾಕು. ನಮಗೆ ಸಾಲದು.

ಮೊದಲು ಹಾಕಿದ್ದು ಬೈಕಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್. ಗುಜರಿಯವನು ತೂಕಕ್ಕೆ ಕೊಟ್ಟ, ತೂಕದಲ್ಲಿ ಹೆಬ್ಬೆರಳನ್ನೂ ಸೇರಿಸಿದ. ಮೇಲಿನಿಂದ ಅದುಮುವುದಕ್ಕಾಗಿ ಮಾಡಿದ ಸ್ಪ್ರಿಂಗ್ ಅದು. ಗದ್ದಕ್ಕೆ ಕೊಟ್ಟರೆ ತಲೆ ಹಿಂದೆ ಹೋಗುವ ಬದಲು ನಾಲ್ಕೂ ದಿಕ್ಕಿಗೆ ಓಲಾಡುತ್ತದೆ, ಕುಡಿದು ಹಬ್ಬಕ್ಕೆ ಬಂದ ಮಾವನ ಹಾಗೆ. ಆಮೇಲೆ ಲಾರಿಯ ಸ್ಪ್ರಿಂಗ್ ಬ್ಲೇಡ್. ಇದು ಹಿಂದೆ ಮುಂದೆ ಮಾತ್ರ ಬಗ್ಗುತ್ತದೆ, ಅದು ಒಳ್ಳೆಯದು. ಕರಾಟೆಯವರ ಮಕಿವಾರ ಹಲಗೆಯೂ ಇದೇ ತತ್ವ: ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು, ಹೊಡೆದರೆ ಬಳುಕುತ್ತದೆ. ಆದರೆ ಬ್ಲೇಡ್ ಹೋದಷ್ಟೇ ವೇಗದಲ್ಲಿ ವಾಪಸ್ ಬರುತ್ತದೆ. ಚಿನ್ ಜ್ಯಾಬ್ ಕೊಡುವುದು ಎದೆಗೆ ಎದೆ ತಾಗುವಷ್ಟು ಹತ್ತಿರದಿಂದ. ಕೀಚಕ ನನ್ನ ಹಣೆಗೆ ಡಿಚ್ಚಿ ಕೊಟ್ಟ. ಮನೆಯಲ್ಲಿ ಎಲ್ಲರೂ ಅವನ ಪಕ್ಷ.

ಕಂಬದ ಮೇಲೆ ಗೇಟಿನ ಹಿಂಜ್ ಕೂರಿಸಿ, ಅದನ್ನು ಕತ್ತಿನ ಹಿಂಭಾಗಕ್ಕೆ ಬರುವ ಹಾಗೆ ಮಾಡಿ, ಮುಂದೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಕಟ್ಟಿದೆ. ದಿಕ್ಕು ಸರಿಯಾಯಿತು: ತಲೆ ಹಿಂದಕ್ಕೆ ಮಾತ್ರ, 45 ಡಿಗ್ರಿವರೆಗೆ. ಡಿಚ್ಚಿ ಮಾತ್ರ ನಿಲ್ಲಲಿಲ್ಲ. ರಬ್ಬರ್ ಇರಲಿ, ಸ್ಪ್ರಿಂಗ್ ಇರಲಿ, ತೆಗೆದುಕೊಂಡ ಬಲವನ್ನು ಬಹುಪಾಲು ವಾಪಸ್ ಕೊಡುತ್ತದೆ. ಟ್ಯೂಬ್ ಸಡಿಲ ಮಾಡಿದರೆ ತಲೆ ಹಿಂದೆಯೇ ಬಿದ್ದಿರುತ್ತದೆ, ಪ್ರತಿ ಏಟಿಗೂ ಕೈಯಾರೆ ಎತ್ತಿ ಕೂರಿಸಬೇಕು. ಬೇಕಾಗಿದ್ದು ಬೇರೇನೋ: ಹೋಗುವಾಗ ಬಿಟ್ಟುಕೊಡಬೇಕು, ಬರುವಾಗ ತಡೆಯಬೇಕು. ಒಂದೇ ಕಡೆಗೆ ಅಡ್ಡಿ.

ಬಾಗಿಲಿನ ಡೋರ್ ಕ್ಲೋಸರ್ ಬಗ್ಗೆ ಯೋಚಿಸಿದೆ. ಅದರ ಸ್ಪ್ರಿಂಗೇ ತೀರಾ ಬಿರುಸು, ಜೊತೆಗೆ ಬೆಲೆ ಕೇಳಿ ಅಂಗಡಿಯ ಬಾಗಿಲು ನಾನೇ ನಿಧಾನವಾಗಿ ಮುಚ್ಚಿಕೊಂಡು ಬಂದೆ.

ಉತ್ತರ ಸಿಕ್ಕಿದ್ದು ಪಂಕ್ಚರ್ ಅಂಗಡಿಯಲ್ಲಿ. ಸ್ಕೂಟರಿಗೆ ಗಾಳಿ ಹಾಕಿಸುವಾಗ ಕಂಪ್ರೆಸರ್ ಕೆಟ್ಟಿತ್ತು. ಹುಡುಗ ನಿಂತು ಒತ್ತುವ ಹಳೇ ಸೈಕಲ್ ಪಂಪ್ ತಂದ. ಹಿಡಿಯನ್ನು ಮೇಲೆ ಎಳೆಯುವಾಗ ಸಲೀಸು, ಕೆಳಗೆ ಒತ್ತುವಾಗ ಬೆವರು. ಪಂಪಿನೊಳಗೆ ಬಟ್ಟಲಿನ ಆಕಾರದ ಚರ್ಮದ ವಾಷರ್ ಇರುತ್ತದೆ. ಮೇಲೆ ಎಳೆದಾಗ ಅಂಚು ಮುದುಡಿ ಗಾಳಿಗೆ ದಾರಿ ಬಿಡುತ್ತದೆ, ಒತ್ತಿದಾಗ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಒಂದೇ ಕಡೆಗೆ ಅಡ್ಡಿ, ಅಲ್ವಾ?

"ಅಣ್ಣ, ಇದು ಮಾರ್ತೀರಾ?" ಅಂತ ಮಾಲೀಕರನ್ನು ಕೇಳಿದೆ. "ನಿಮ್ ಹತ್ರ ಸೈಕಲ್ಲೇ ಇಲ್ವಲ್ಲ ಸಾರ್" ಅಂದರು. ಗೊಂಬೆಯ ಕುತ್ತಿಗೆಗೆ ಅಂದೆ. ಹುಡುಗ ಗಾಳಿ ಹೊಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

ಪಂಪನ್ನು ಮುಂಡದೊಳಗೆ ಕಂಬಕ್ಕೆ ಕ್ಲಾಂಪ್ ಹಾಕಿ ನಿಲ್ಲಿಸಿದೆ. ಸರಳು ಗಂಟಲಿನ ಜಾಗದಿಂದ ಮೇಲೆ ಬಂದು, ಹಿಂಜ್‌ನಿಂದ 10 ಸೆಂ.ಮೀ. ಮುಂದೆ ತಲೆಗೆ ಸೇರುತ್ತದೆ. ತಲೆ 45 ಡಿಗ್ರಿ ವಾಲಿದಾಗ ಸರಳು ಸುಮಾರು 7 ಸೆಂ.ಮೀ. ಮೇಲೆ ಬರುತ್ತದೆ. ಸೇರುವ ಜಾಗ ನೇರ ಗೆರೆಯಲ್ಲಿ ಹೋಗದೆ ಕಮಾನಿನಲ್ಲಿ ಹೋಗುವುದರಿಂದ ಅಲ್ಲಿ ಬಿಗಿ ಬೋಲ್ಟ್ ಹಾಕಬೇಡಿ, ಸರಳು ಬಗ್ಗುತ್ತದೆ. ಕಣ್ಣಿರುವ ಬೋಲ್ಟ್, ಒಳಗೆ ರಬ್ಬರ್ ಬುಷ್.

ಆದರೂ ಶುರುವಿನಲ್ಲಿ ತಲೆ ಸ್ಪಂಜಿನ ಹಾಗೆ ಕುಣಿಯುತ್ತಿತ್ತು. ತಡೆ ಇದೆ, ಆದರೆ ಗಟ್ಟಿ ಇಲ್ಲ. ಕಾರಣ ಸರಳ. ವಾಷರ್ ಪಂಪಿನ ನಡುವಿನಲ್ಲಿ ಓಡಾಡುತ್ತಿತ್ತು, ಅದರ ಕೆಳಗೆ ಉದ್ದದ ಗಾಳಿ ಕಂಬ. ಅಷ್ಟು ಗಾಳಿ ತಾನೇ ಸ್ಪ್ರಿಂಗ್ ಆಗಿಬಿಡುತ್ತದೆ. ಕ್ಲಾಂಪ್ ಸಡಿಲಿಸಿ, ಪಂಪನ್ನು ಮೇಲೆ ಸರಿಸಿ, ತಲೆ ನೆಟ್ಟಗಿರುವಾಗ ವಾಷರ್ ತಳಕ್ಕೆ ಮುಟ್ಟುವುದಕ್ಕೆ ಕೂದಲೆಳೆ ಬಾಕಿ ಇರುವ ಹಾಗೆ ಮಾಡಿದೆ. ಗಾಳಿ ಹೊರಗೆ ಹೋಗುವ ಕಡೆ ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ ಸಿಕ್ಕಿಸಿದೆ. ಸಣ್ಣ ತೂತು, ನಿಧಾನ ಗಾಳಿ. ಕುಣಿತ ನಿಂತಿತು. ತಲೆ ಮೊದಲು ಒಂಚೂರು ಬೇಗ ಇಳಿದು, ಆಮೇಲೆ "ಸುಸ್ಸ್" ಅಂತ ಉಸಿರು ಬಿಡುತ್ತಾ ಕೂರುತ್ತದೆ. ಸೋತವನ ನಿಟ್ಟುಸಿರು ಉಚಿತ.

ಇದರಿಂದ ಅಭ್ಯಾಸವೇ ಬದಲಾಯಿತು. ಬ್ಯಾಗಿಗೆ ಹೊಡೆದು ಹೊಡೆದು ಕೈ "ಠಪ್" ಅಂತ ಸದ್ದು ಬಂದ ಕೂಡಲೇ ಹಿಂದೆ ಬರುತ್ತದೆ. ಕೀಚಕನಿಗೆ ಅಂಥ ಏಟು ಲೆಕ್ಕಕ್ಕಿಲ್ಲ, ತಲೆ ಎರಡು ಬೆರಳು ಅಲುಗಿ ಸುಮ್ಮನಾಗುತ್ತದೆ. ಪೂರ್ತಿ ವಾಲಿಸಬೇಕಾದರೆ ಅಂಗೈ ತಗಲಿದ ಮೇಲೂ ಮೈ ಮುಂದೆ ಹೋಗಬೇಕು. ಮಣಿಕಟ್ಟು ಹಿಂದಕ್ಕೆ ಮಡಿಸಿ, ಬೆರಳು ಅಗಲಿಸಿ, ಮೊಣಕೈ ಪಕ್ಕೆಲುಬಿನ ಹತ್ತಿರವೇ ಇಟ್ಟು, ಕಾಲು ಒಳಗೆ ಹಾಕಿ ಮೈಭಾರವನ್ನೇ ಮೇಲೆ ಕಳಿಸಬೇಕು. ಕೈಯನ್ನು ಹಿಂದೆ ಎಳೆದು ತಯಾರಾಗುವ ಹಾಗಿಲ್ಲ, ಎದುರಿನವನಿಗೆ ಗೊತ್ತಾಗುತ್ತದೆ. ಓದಿದಾಗ ಇದೆಲ್ಲ ಸಲಹೆ ಅನಿಸಿತ್ತು. ತಲೆ ಇರುವ ಗೊಂಬೆಯ ಮುಂದೆ ನಿಂತರೆ ಬೇರೆ ದಾರಿಯೇ ಇಲ್ಲ. ಮಣಿಕಟ್ಟು ನೋವು ಬಂದರೆ ಗದ್ದದ ಮೇಲೆ ಲಾರಿ ಟ್ಯೂಬಿನ ಇನ್ನೊಂದು ಪದರ ಹಾಕಿ. "ಹೈ ಡೆನ್ಸಿಟಿ" ಅಂತ ಫೋಮ್ ಅಂಗಡಿಯವರು ಕೊಡುವ ಸೋಫಾ ಚೂರನ್ನು ನಂಬಬೇಡಿ, ಒಂದು ವಾರಕ್ಕೆ ಹಪ್ಪಳ.

ಇಷ್ಟರಲ್ಲಿ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿದೆ. ಫೇರ್‌ಬೇರ್ನ್ ಶಾಂಘೈ ಪೊಲೀಸರ ಪಿಸ್ತೂಲು ತರಬೇತಿಗೆ ಒಂದು ವಿಚಿತ್ರ ಮನೆ ಮಾಡಿದ್ದ: ಮಂದ ಬೆಳಕು, ಇದ್ದಕ್ಕಿದ್ದಂತೆ ಎದುರಾಗುವ ಗುರಿಗಳು, ಸದ್ದು. ಆಮೇಲೆ ಅಮೆರಿಕದ ಯುದ್ಧಕಾಲದ ಗೂಢಚರ್ಯೆ ಸಂಸ್ಥೆ ಒಎಸ್‌ಎಸ್‌ನವರಿಗೆ ಪಾಠ ಹೇಳುವಾಗ ಮೇರಿಲ್ಯಾಂಡಿನ ಕಟಾಕ್ಟಿನ್ ಬೆಟ್ಟದಲ್ಲೂ ಅಂಥದ್ದೇ ಇತ್ತು. ಈಗ ಅಮೆರಿಕದ ಅಧ್ಯಕ್ಷರು ವಿಶ್ರಾಂತಿಗೆ ಹೋಗುವ ಕ್ಯಾಂಪ್ ಡೇವಿಡ್ ಇರುವುದು ಅದೇ ಬೆಟ್ಟದಲ್ಲಿ. ಶಾಂತವಾಗಿ ಗುಂಡು ಹೊಡೆಯಲು ಬರುವವನು ಭಯದಲ್ಲಿ ಏನು ಮಾಡುತ್ತಾನೆ ಅನ್ನುವುದೇ ಅಲ್ಲಿನ ಪರೀಕ್ಷೆ. ನನಗೆ ಬಂದೂಕು ಬೇಡ. ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಹಿಂದೆ ಒಂದು ಕತ್ತಲೆ ಓಣಿ ಇದೆ. ಕೀಚಕನನ್ನು ಅಲ್ಲಿಗೆ ಸಾಗಿಸಿ, ಮೋಷನ್ ಸೆನ್ಸರ್ ಲೈಟ್ ಹಾಕಿ, ಎಲ್ಲಿ ನಿಂತಿದ್ದಾನೆ ಅಂತ ಗೊತ್ತಿಲ್ಲದೆ ಒಳಗೆ ಹೋಗುವುದು. ಗೊಂಬೆಯ ಜಾಗ ಬದಲಿಸುವ ಕೆಲಸ ತಂಗಿಗೆ. ಅವಳು ಐಸ್‌ಕ್ರೀಮ್ ಕೇಳಿದ್ದಾಳೆ, ಮಾತುಕತೆ ನಡೆಯುತ್ತಿದೆ. ಭೀಮ ಕೀಚಕನನ್ನು ಮುಗಿಸಿದ್ದೂ ಕತ್ತಲೆಯ ನಾಟ್ಯಶಾಲೆಯಲ್ಲೇ, ಹಾಗಾಗಿ ಅಮ್ಮನ ಒಪ್ಪಿಗೆ ಸಿಗಬಹುದು. ಅದಕ್ಕೂ ಮುಂಚೆ ಕಂಬದ ಬುಡಕ್ಕೆ ಗಾಲಿ ಬೇಕು. ವೆಲ್ಡಿಂಗ್ ಅಂಗಡಿಯವರು "ನಾಳೆ ಬನ್ನಿ" ಅಂದಿದ್ದಾರೆ. ಯಾವ ನಾಳೆ ಅಂತ ಹೇಳಿಲ್ಲ.

ಸದ್ಯದ ತಲೆನೋವು ವಾಷರ್. ಚರ್ಮ ಒಣಗಿದರೆ ಅಂಚು ಗೋಡೆಗೆ ಅಂಟುವುದಿಲ್ಲ, ಡಿಚ್ಚಿ ಮತ್ತೆ ಶುರು. ವಾರಕ್ಕೊಮ್ಮೆ ಎರಡು ಹನಿ ಎಣ್ಣೆ ಬಿಡುತ್ತಿದ್ದೇನೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗ ಸಿಗುವುದೆಲ್ಲ ಪ್ಲಾಸ್ಟಿಕ್ ವಾಷರ್, ಅದು ಮೂರೇ ದಿನಕ್ಕೆ ಸೀಳುತ್ತದೆ. ಹಳೇ ಚಪ್ಪಲಿಯ ಚರ್ಮ ಕತ್ತರಿಸಿ, ನೀರಲ್ಲಿ ನೆನೆಸಿ, ಬಾಟಲಿ ಮುಚ್ಚಳದ ಮೇಲೆ ಬಟ್ಟಲಿನಂತೆ ಒತ್ತಿ ಒಣಗಲು ಇಟ್ಟಿದ್ದೇನೆ. ನಿಮ್ಮೂರಿನ ಯಾವುದಾದರೂ ಹಳೇ ಸೈಕಲ್ ಅಂಗಡಿಯಲ್ಲಿ ಅಸಲಿ ಚರ್ಮದ ವಾಷರ್ ಇದ್ದರೆ ನನಗೂ ನಾಲ್ಕು ಎತ್ತಿಡಿ, ದುಡ್ಡು ಕಳಿಸುತ್ತೇನೆ.